ದೊಡ್ಡ ಕಲೆ ಸುಮ್ಮನಿತ್ತು, ಸಣ್ಣದು ಸಿಡಿಯಿತು: ಏಕೆ?

ಪ್ರಶ್ನೆ: ನಾನು ಹವ್ಯಾಸಕ್ಕೆ ಸೂರ್ಯನನ್ನು ನೋಡುವವನು. ಚಿಕ್ಕ ಟೆಲಿಸ್ಕೋಪಿನ ಮುಂದೆ ಸೋಲಾರ್ ಫಿಲ್ಟರ್ ಹಾಕಿಕೊಂಡು ದಿನವೂ ಸೌರಕಲೆಗಳ ಚಿತ್ರ ಬರೆಯುತ್ತೇನೆ. ಈಚೆಗೆ ಒಂದು ಭಾರಿ ಕಲೆ ಸೂರ್ಯನ ಮುಖವನ್ನು ಈ ಅಂಚಿನಿಂದ ಆ ಅಂಚಿಗೆ ದಾಟಿಹೋಯಿತು. ಗುಂಡಗೆ, ಕಪ್ಪಗೆ, ನೋಡಿದರೆ ಭಯವಾಗುವ ಹಾಗಿತ್ತು. ಅದರಿಂದ ಹೇಳಿಕೊಳ್ಳುವಂಥ ಒಂದು ಸೌರಜ್ವಾಲೆಯೂ, ಅಂದರೆ ಬೆಳಕಿನ ಸಿಡಿತವೂ, ಬರಲಿಲ್ಲ. ಅದೇ ವಾರ, ಅದರ ಕಾಲುಭಾಗವೂ ಇಲ್ಲದ ಇನ್ನೊಂದು ಗುಂಪು ಸಾಲಾಗಿ ಎಂ ವರ್ಗದ, ಅಂದರೆ ಮಧ್ಯಮ ಬಲದ, ಜ್ವಾಲೆಗಳನ್ನು ಉಗುಳಿತು. ಕಲೆಗಳ ದಿನಪಟ್ಟಿಯಲ್ಲಿ ಮೊದಲನೆಯದರ ಎದುರು 'ಆಲ್ಫಾ' ಎಂದೂ, ಎರಡನೆಯದರ ಎದುರು 'ಬೀಟಾ-ಗಾಮಾ-ಡೆಲ್ಟಾ' ಎಂದೂ ಇತ್ತು. ಈ ಅಕ್ಷರಗಳ ಅರ್ಥವೇನು? ಇವನ್ನು ನೋಡಿ ಜ್ವಾಲೆ ಬರುತ್ತದೋ ಇಲ್ಲವೋ ಮೊದಲೇ ಹೇಳಬಹುದೇ? ನನ್ನ ಟೆಲಿಸ್ಕೋಪಿನಲ್ಲಿ ಆ ವ್ಯತ್ಯಾಸ ಕಾಣುತ್ತದೆಯೇ?

ಉತ್ತರ: ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವ ಮಾತು ಸೌರಕಲೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ನೀವು ನೋಡಿದ್ದು ಅದನ್ನೇ. ಇದುವರೆಗೆ ಅಳೆದಿರುವ ಅತಿ ದೊಡ್ಡ ಕಲೆಗುಂಪು 1947 ರ ಏಪ್ರಿಲ್‌ನದು. ನಮಗೆ ಕಾಣುವ ಸೂರ್ಯನ ಅರ್ಧಗೋಳವನ್ನು ಹತ್ತು ಲಕ್ಷ ಪಾಲು ಮಾಡಿದರೆ, ಅದರಲ್ಲಿ ಆರು ಸಾವಿರಕ್ಕೂ ಜಾಸ್ತಿ ಪಾಲನ್ನು ಅದು ಹಿಡಿದಿತ್ತು. ಭೂಮಿಯನ್ನು ಒಂದು ತಟ್ಟೆ ಅಂದುಕೊಂಡರೆ ಅಂಥ 140 ತಟ್ಟೆಗಳನ್ನು ಜೋಡಿಸುವಷ್ಟು ಜಾಗ. ಅಷ್ಟಿದ್ದೂ ಆ ಕಲೆ ಹೆಸರು ಮಾಡಿದ್ದು ತನ್ನ ಗಾತ್ರದಿಂದಲೇ ಹೊರತು ಜ್ವಾಲೆಗಳಿಂದಲ್ಲ.

ಹಾಗಂತ ಗಾತ್ರ ಲೆಕ್ಕಕ್ಕೇ ಇಲ್ಲ ಅನ್ನಬೇಡಿ. ಆಸ್ಟ್ರೇಲಿಯಾದ ರೊನಾಲ್ಡ್ ಜಿಯೊವನೆಲ್ಲಿ 1939 ರಲ್ಲೇ ಎಣಿಸಿ ನೋಡಿದ್ದರು. ಕಲೆಗುಂಪು ದೊಡ್ಡದಾದಷ್ಟೂ, ಇನ್ನೂ ಬೆಳೆಯುತ್ತಿದ್ದಷ್ಟೂ, ಕಾಂತೀಯವಾಗಿ ಸಿಕ್ಕಾಗಿದ್ದಷ್ಟೂ ಜ್ವಾಲೆಯ ಸಾಧ್ಯತೆ ಏರುತ್ತದೆ ಎಂದು ಅವರಿಗೆ ಕಂಡಿತು. ಗಾತ್ರ ಅಂದರೆ ಉಗ್ರಾಣ ಎಷ್ಟು ದೊಡ್ಡದು ಅನ್ನುವುದು. ಒಳಗೆ ಏನಿದೆ, ಅದನ್ನು ಹೇಗೆ ತುರುಕಿದ್ದಾರೆ ಅನ್ನುವುದು ಬೇರೆ ಮಾತು. ನಿಮ್ಮ ಪಟ್ಟಿಯ ಗ್ರೀಕ್ ಅಕ್ಷರಗಳು ಹೇಳುವುದು ಈ ಎರಡನೆಯದನ್ನು.

ಮೊದಲು ಕಲೆ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್ ಬಿಸಿ. ದೊಡ್ಡ ಕಲೆಯ ಕಪ್ಪು ನಡುಭಾಗ 4,000 ಕೆಲ್ವಿನ್ ಆಸುಪಾಸು. ಅದನ್ನೊಂದನ್ನೇ ಕತ್ತಲ ಆಕಾಶದಲ್ಲಿ ಇಟ್ಟರೆ ಕಣ್ಣು ಕೋರೈಸುವಷ್ಟು ಹೊಳೆಯುತ್ತದೆ. ಪಕ್ಕದಲ್ಲಿ ಇನ್ನೂ ಬಿಸಿಯಾದದ್ದು ಇರುವುದರಿಂದ ನಮಗೆ ಕಪ್ಪಾಗಿ ಕಾಣುತ್ತದೆ, ಅಷ್ಟೇ. ತಣ್ಣಗಾಗಲು ಕಾರಣ ಕಾಂತಕ್ಷೇತ್ರ. ಸೂರ್ಯನ ಹೊರಪದರದಲ್ಲಿ ಬಿಸಿ ಅನಿಲ ಕುದಿಯುತ್ತಾ ಮೇಲೆ ಬಂದು, ತಣಿದು, ಕೆಳಗಿಳಿಯುತ್ತಿರುತ್ತದೆ. ಬಲವಾದ ಕಾಂತಕ್ಷೇತ್ರ ಆ ಕುದಿತವನ್ನು ಅದುಮಿ ಹಿಡಿಯುತ್ತದೆ. ಕೆಳಗಿನ ಶಾಖ ಅಲ್ಲಿ ಮೇಲೆ ಬರುವುದು ಕಡಿಮೆಯಾಗುತ್ತದೆ.

ಎಷ್ಟು ಬಲ? ಕಾಂತಕ್ಷೇತ್ರವನ್ನು ಗಾಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಭೂಮಿಯ ಕಾಂತಕ್ಷೇತ್ರ ಅರ್ಧ ಗಾಸ್‌ನ ಸುತ್ತಮುತ್ತ. ಕಲೆಯ ನಡುವೆ 2,000 ದಿಂದ 4,000 ಗಾಸ್. ಇದನ್ನು ಮೊದಲು ಅಳೆದವರು ಅಮೆರಿಕದ ಜಾರ್ಜ್ ಎಲರಿ ಹೇಲ್, 1908 ರಲ್ಲಿ, ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ. ಕಾಂತಕ್ಷೇತ್ರದೊಳಗಿನ ಪರಮಾಣು ಹೊರಸೂಸುವ ಅಥವಾ ಹೀರುವ ಬೆಳಕಿನ ಗೆರೆ ಒಡೆದು ಎರಡೋ ಮೂರೋ ಆಗುತ್ತದೆ. ಇದನ್ನು ಕಂಡುಹಿಡಿದವರು ಪೀಟರ್ ಜೀಮನ್, 1896 ರಲ್ಲಿ. ಕಲೆಯ ಬೆಳಕಿನಲ್ಲಿ ಹೇಲ್‌ಗೆ ಕಂಡದ್ದು ಇದೇ ಒಡಕು. ಗೆರೆಗಳು ಎಷ್ಟು ದೂರ ಸರಿದಿವೆ ಅನ್ನುವುದರಿಂದ ಕ್ಷೇತ್ರದ ಬಲ ಗೊತ್ತಾಗುತ್ತದೆ. ಬೆಳಕು ಯಾವ ಕಡೆಗೆ ತಿರುಚಿಕೊಂಡು ಬರುತ್ತಿದೆ ಅನ್ನುವುದರಿಂದ ದಿಕ್ಕು ಗೊತ್ತಾಗುತ್ತದೆ. ಅಂದರೆ ಕ್ಷೇತ್ರ ನಮ್ಮ ಕಡೆಗೆ ಹೊರಬರುತ್ತಿದೆಯೋ, ಒಳಗೆ ಹೋಗುತ್ತಿದೆಯೋ ಅನ್ನುವುದು. ಈ ಕೊನೆಯ ಮಾತು ನೆನಪಿರಲಿ.

ಕಪ್ಪು ನಡುಭಾಗಕ್ಕೆ ಅಂಬ್ರಾ ಎನ್ನುತ್ತಾರೆ. ಅಲ್ಲಿ ಕಾಂತರೇಖೆಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ. ಅದರ ಸುತ್ತ ಎಳೆಎಳೆಯಾಗಿ ಕಾಣುವ ಬೂದುಬಣ್ಣದ ಅಂಚು ಪೆನಂಬ್ರಾ. ಅಲ್ಲಿ ರೇಖೆಗಳು ಹೊರಕ್ಕೆ ಬಾಗಿ ಮಲಗಿರುತ್ತವೆ. ಆ ಎಳೆಗಳ ಗುಂಟ ಅನಿಲ ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹರಿಯುತ್ತದೆ. ಇದನ್ನು 1909 ರ ಜನವರಿಯಲ್ಲಿ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಕಂಡುಹಿಡಿದರು. ಕಲೆ ಒಂದು ಸುಳಿ, ಅನಿಲ ಅದರ ಸುತ್ತ ತಿರುಗುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಎವರ್‌ಶೆಡ್ ಅಳೆದಾಗ ಸುತ್ತುವ ಹರಿವು ಸಿಗಲಿಲ್ಲ. ನಡುವಿನಿಂದ ಅಂಚಿಗೆ ಹೋಗುವ ಹರಿವು ಸಿಕ್ಕಿತು. ಆ ಹರಿವಿಗೆ ಇವತ್ತಿಗೂ ಅವರದೇ ಹೆಸರು.

ಈಗ ಅಕ್ಷರಗಳಿಗೆ ಬರೋಣ. ಸೂರ್ಯನ ಕಾಂತನಕ್ಷೆ, ಅಂದರೆ ಮ್ಯಾಗ್ನೆಟೋಗ್ರಾಂ, ನೀವು ನೋಡಿರಬಹುದು. ಬೂದುಬಣ್ಣದ ತಟ್ಟೆ. ಕ್ಷೇತ್ರ ಹೊರಬರುವಲ್ಲಿ ಬಿಳಿ, ಒಳಹೋಗುವಲ್ಲಿ ಕಪ್ಪು. ನಿಮ್ಮ ಟೆಲಿಸ್ಕೋಪಿನಲ್ಲಿ ಒಂದೇ ಥರ ಕಪ್ಪಗೆ ಕಾಣುವ ಎರಡು ಕಲೆಗಳು ಈ ನಕ್ಷೆಯಲ್ಲಿ ಒಂದು ಬಿಳಿ, ಒಂದು ಕಪ್ಪು ಆಗಿರಬಹುದು. ಬರೀ ಬೆಳಕಿನಲ್ಲಿ ನೋಡಿದರೆ ಧ್ರುವ, ಅಂದರೆ ಕ್ಷೇತ್ರ ಹೊರಬರುತ್ತಿದೆಯೋ ಒಳಹೋಗುತ್ತಿದೆಯೋ ಅನ್ನುವುದು, ತಿಳಿಯುವುದಿಲ್ಲ. ನಿಮ್ಮ ಮೂರನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಹೇಲ್ ಮತ್ತು ಜೊತೆಗಾರರು 1919 ರಲ್ಲಿ ಕಲೆಗುಂಪುಗಳನ್ನು ಧ್ರುವಗಳ ಹಂಚಿಕೆ ನೋಡಿ ಮೂರು ಬಗೆ ಮಾಡಿದರು. ಇಡೀ ಗುಂಪು ಒಂದೇ ಧ್ರುವದ್ದಾದರೆ ಆಲ್ಫಾ. ಎರಡೂ ಧ್ರುವ ಇದ್ದು, ಒಂದು ಮುಂದೆ ಒಂದು ಹಿಂದೆ ಅಂತ ಸರಳವಾಗಿ ಬೇರೆಬೇರೆ ಕೂತಿದ್ದರೆ ಬೀಟಾ. ನಡುವೆ ಒಂದು ಗೆರೆ ಎಳೆದು ಇಬ್ಭಾಗ ಮಾಡಿಬಿಡಬಹುದು. ಎರಡೂ ಕಲಸಿಹೋಗಿ ಎಲ್ಲಿ ಯಾವುದು ಅಂತಲೇ ಹೇಳಲಾಗದಿದ್ದರೆ ಗಾಮಾ. ಒಟ್ಟು ನೋಟಕ್ಕೆ ಬೀಟಾ, ಆದರೆ ಒಂದೇ ಗೆರೆ ಎಳೆದು ಬೇರ್ಪಡಿಸಲು ಆಗುತ್ತಿಲ್ಲ ಎಂದರೆ ಬೀಟಾ-ಗಾಮಾ. ಹೆಚ್ಚಿನ ಗುಂಪುಗಳು ಆಲ್ಫಾ ಅಥವಾ ಬೀಟಾ. ಅವು ಹುಟ್ಟಿ, ಬೆಳೆದು, ಕರಗಿ ಹೋಗುತ್ತವೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಡೆಲ್ಟಾ ಬಂದದ್ದು ತಡವಾಗಿ. ಜರ್ಮನಿಯ ಕುಂಜೆಲ್ 1960 ರಲ್ಲಿ ಇದನ್ನು ಸೇರಿಸಿದರು. ಒಂದೇ ಪೆನಂಬ್ರಾದ ಒಳಗೆ ಎದುರುಬದುರು ಧ್ರುವದ ಎರಡು ಅಂಬ್ರಾಗಳು, ಅವುಗಳ ನಡುವೆ ಎರಡು ಡಿಗ್ರಿಗಿಂತ ಕಡಿಮೆ ದೂರ: ಇದ್ದರೆ ಅದು ಡೆಲ್ಟಾ. ಸೂರ್ಯನ ಮೇಲೆ ಎರಡು ಡಿಗ್ರಿ ಅಂದರೆ ಸುಮಾರು 24,000 ಕಿಲೋಮೀಟರ್. ಒಂದು ತಪ್ಪು ತಿಳಿವಳಿಕೆ ಇಲ್ಲಿ ಎಲ್ಲರಿಗೂ ಆಗುತ್ತದೆ. ಆಲ್ಫಾ ಒಂದನೇ ಕ್ಲಾಸು, ಡೆಲ್ಟಾ ನಾಲ್ಕನೇ ಕ್ಲಾಸು ಅಂತ ಮೆಟ್ಟಿಲಿನ ಹಾಗೆ ಓದುತ್ತಾರೆ. ಹಾಗಲ್ಲ. ಮೊದಲ ಮೂರು ಅಕ್ಷರಗಳು ಇಡೀ ಗುಂಪಿನ ವಿನ್ಯಾಸ ಹೇಳುತ್ತವೆ. ಡೆಲ್ಟಾ ಗುಂಪಿನ ಒಳಗಿನ ಒಂದು ಜಾಗದ ಬಗ್ಗೆ ಹೇಳುತ್ತದೆ. ಅದು ಬಾಲದಲ್ಲಿ ಅಂಟಿಸುವ ಗುರುತು. ಬೀಟಾ-ಡೆಲ್ಟಾ ಕೂಡ ಇರುತ್ತದೆ. ನಿಮ್ಮ ಬೀಟಾ-ಗಾಮಾ-ಡೆಲ್ಟಾ ಅಂದರೆ: ಒಟ್ಟಾರೆ ಎರಡು ಧ್ರುವದ ಗುಂಪು, ನಡುವಿನ ಗಡಿ ಅಂಕುಡೊಂಕು, ಅದರಲ್ಲಿ ಕಡೇಪಕ್ಷ ಒಂದು ಕಡೆ ಎದುರು ಧ್ರುವಗಳು ಒಂದೇ ಪೆನಂಬ್ರಾದೊಳಗೆ ಒತ್ತಿಕೊಂಡು ಕೂತಿವೆ.

ಎಲ್ಲ ಗಲಾಟೆಯೂ ಆ ಒತ್ತಿಕೊಂಡ ಜಾಗದ್ದು. ಎರಡು ಧ್ರುವಗಳ ನಡುವೆ ಒಂದು ಗಡಿಗೆರೆ ಇದ್ದೇ ಇರುತ್ತದೆ. ಅಲ್ಲಿ ಕ್ಷೇತ್ರ ಹೊರಗೂ ಇಲ್ಲ, ಒಳಗೂ ಇಲ್ಲ, ಅಡ್ಡಲಾಗಿ ಮಲಗಿರುತ್ತದೆ. ಬೀಟಾ ಗುಂಪಿನಲ್ಲಿ ಈ ಗೆರೆ ಎರಡು ಕಲೆಗಳ ನಡುವಿನ ಬಯಲಿನಲ್ಲಿ ಹಾದುಹೋಗುತ್ತದೆ. ಎರಡೂ ಕಡೆ ಕ್ಷೇತ್ರ ನಿಧಾನವಾಗಿ ಬದಲಾಗುತ್ತದೆ. ಡೆಲ್ಟಾದಲ್ಲಿ ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಕ್ಷೇತ್ರ 2,000 ಗಾಸ್ ಹೊರಗಿನಿಂದ 2,000 ಗಾಸ್ ಒಳಗಿಗೆ ತಿರುಗಿಬಿಡುತ್ತದೆ. ಇಳಿಜಾರಲ್ಲ, ಕಡಿದಾದ ಪ್ರಪಾತ.

ಕಡಿದಾಗಿದ್ದ ಮಾತ್ರಕ್ಕೆ ಶಕ್ತಿ ಕೂಡಿಕೊಳ್ಳುವುದಿಲ್ಲ. ಇನ್ನೊಂದು ಬೇಕು. ಮೇಲ್ಮೈಯಲ್ಲಿ ಧ್ರುವಗಳು ಹೇಗೇ ಹಂಚಿಕೊಂಡಿರಲಿ, ಅದಕ್ಕೆ ತಕ್ಕಂತೆ ಮೇಲಿನ ಕಾಂತರೇಖೆಗಳು ಆರಾಮಾಗಿ ನಿಲ್ಲಬಹುದಾದ ಒಂದು ಭಂಗಿ ಇದೆ. ಶಕ್ತಿ ಅತಿ ಕಡಿಮೆ ಇರುವ ಭಂಗಿ ಅದು. ಅದರಲ್ಲಿ ರೇಖೆಗಳು ಒಂದು ಧ್ರುವದಿಂದ ಎದ್ದು ಗಡಿಗೆರೆಯನ್ನು ನೇರವಾಗಿ ಅಡ್ಡ ದಾಟಿ ಇನ್ನೊಂದು ಧ್ರುವಕ್ಕೆ ಇಳಿಯುತ್ತವೆ, ಹೊಳೆಗೆ ಸೇತುವೆ ಹಾಕಿದ ಹಾಗೆ. ಆ ಭಂಗಿಯಲ್ಲಿರುವ ಗುಂಪಿನಿಂದ ಜ್ವಾಲೆ ಬರುವುದಿಲ್ಲ. ಕೊಡಲು ಅದರ ಹತ್ತಿರ ಹೆಚ್ಚುವರಿ ಶಕ್ತಿ ಏನೂ ಇಲ್ಲ. ಈಗ ಗಡಿಯ ಒಂದು ದಡ ಎಡಕ್ಕೂ ಇನ್ನೊಂದು ದಡ ಬಲಕ್ಕೂ ಜಾರಲಿ. ಸೇತುವೆ ವಾರೆಯಾಗುತ್ತದೆ. ದಿನಗಟ್ಟಲೆ ಜಾರಿದರೆ ರೇಖೆಗಳು ಗಡಿಯನ್ನು ದಾಟುವ ಬದಲು ಗಡಿಯ ಉದ್ದಕ್ಕೇ ಓಡತೊಡಗುತ್ತವೆ. ಕಲೆ ತನ್ನ ಸುತ್ತ ತಾನೇ ತಿರುಗುವುದೂ ಉಂಟು. ಆಗ ರೇಖೆಗಳು ಹಗ್ಗ ಹೊಸೆದಂತೆ ಹುರಿಗೊಳ್ಳುತ್ತವೆ. ಈ ವಾರೆ ಮತ್ತು ಹುರಿಯಲ್ಲಿ ಕೂಡಿಕೊಂಡದ್ದೇ ಜ್ವಾಲೆಯ ಬಂಡವಾಳ.

ಮೇಲೆ ಇಷ್ಟೆಲ್ಲ ಬಿಗಿಯಾಗುತ್ತಿದ್ದರೂ ರೇಖೆಗಳು ತಕ್ಷಣ ಜಾರಿ ಸಡಿಲಾಗುವುದಿಲ್ಲ ಏಕೆ ಅನ್ನಿಸಬಹುದು. ಸೂರ್ಯನ ಅನಿಲ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಅಂಥ ಅನಿಲಕ್ಕೆ ಕಾಂತರೇಖೆ ಅಂಟಿಕೊಂಡಂತೆ ಇರುತ್ತದೆ. ಮೇಲ್ಮೈಯಲ್ಲಿ ಅನಿಲ ದಟ್ಟ, ಅಲ್ಲಿ ಅನಿಲದ ಮಾತೇ ನಡೆಯುತ್ತದೆ. ಅದು ಹೋದ ಕಡೆ ರೇಖೆಯ ಬುಡವನ್ನು ಎಳೆದುಕೊಂಡು ಹೋಗುತ್ತದೆ. ಮೇಲೆ, ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ, ಅನಿಲ ಬಹಳ ತೆಳು. ಅಲ್ಲಿ ಕಾಂತಕ್ಷೇತ್ರದ್ದೇ ರಾಜ್ಯ. ಬುಡ ಹಿಡಿದು ತಿರುಚುವವರು ಕೆಳಗೆ, ಬಿಗಿ ಏರುವುದು ಮೇಲೆ.

ಎಷ್ಟು ಶಕ್ತಿ? ಒಂದು ಒರಟು ಲೆಕ್ಕ ಹಾಕೋಣ. ಉದ್ದ, ಅಗಲ, ಎತ್ತರ ತಲಾ 30,000 ಕಿಲೋಮೀಟರ್ ಇರುವ ಒಂದು ಪೆಟ್ಟಿಗೆ. ಅದರ ತುಂಬ 300 ಗಾಸ್ ಕ್ಷೇತ್ರ. ಅದರಲ್ಲಿರುವ ಕಾಂತಶಕ್ತಿ ಸುಮಾರು 1 ರ ಮುಂದೆ 25 ಸೊನ್ನೆ ಹಾಕಿದಷ್ಟು ಜೂಲ್. ದೊಡ್ಡ ಜ್ವಾಲೆಯೊಂದು ಬಿಡುಗಡೆ ಮಾಡುವುದೂ ಹೆಚ್ಚುಕಡಿಮೆ ಅಷ್ಟೇ. ಪೆಟ್ಟಿಗೆಯಲ್ಲಿರುವುದೆಲ್ಲ ಖರ್ಚಿಗೆ ಸಿಗುವುದಿಲ್ಲ. ವಾರೆ ಮತ್ತು ಹುರಿಯ ಪಾಲು ಮಾತ್ರ ಸಿಗುತ್ತದೆ. ಹಾಗಾಗಿ ನಿಜದಲ್ಲಿ ಇದಕ್ಕಿಂತ ಬಲವಾದ ಕ್ಷೇತ್ರವೋ ದೊಡ್ಡ ಪೆಟ್ಟಿಗೆಯೋ ಬೇಕು. ಡೆಲ್ಟಾ ಕಲೆಯ ಮೇಲೆ ಎರಡೂ ಸಿಗುತ್ತವೆ. ಅಂದಹಾಗೆ ಸೂರ್ಯನ ಒಟ್ಟು ಬೆಳಕಿನ ಎದುರು ಇದು ಏನೇನೂ ಅಲ್ಲ. ಸೂರ್ಯ ಒಂದು ಸೆಕೆಂಡಿನ ನಲವತ್ತನೇ ಒಂದು ಪಾಲಿನಲ್ಲಿ ಹೊರಹಾಕುವ ಶಕ್ತಿಗೆ ಅದು ಸಮ. ಒಂದು ಮೂಲೆಯಲ್ಲಿ, ಕೆಲವೇ ನಿಮಿಷಗಳಲ್ಲಿ, ಎಕ್ಸ್-ಕಿರಣ ಮತ್ತು ವೇಗದ ಕಣಗಳ ರೂಪದಲ್ಲಿ ಬರುವುದರಿಂದ ನಮಗೆ ತಟ್ಟುತ್ತದೆ.

ಇನ್ನು ಸಿಡಿಯುವ ಗಳಿಗೆ. ವಾರೆಯಾದ ರೇಖೆಗಳು ಒಂದರ ಪಕ್ಕ ಒಂದು ಒತ್ತಿಕೊಂಡು ಬರುತ್ತವೆ. ಎದುರು ದಿಕ್ಕಿನ ರೇಖೆಗಳು ತೀರ ತೆಳುವಾದ ಒಂದು ಹಾಳೆಯಷ್ಟು ಜಾಗದಲ್ಲಿ ಮುಖಾಮುಖಿಯಾದಾಗ, ಅವನ್ನು ಅನಿಲಕ್ಕೆ ಹಿಡಿದಿಟ್ಟ ಆ ಅಂಟು ಸೋಲುತ್ತದೆ. ರೇಖೆಗಳು ಅಲ್ಲಿ ಕತ್ತರಿಸಿ ಬೇರೆ ಜೋಡಿಯೊಂದಿಗೆ ಸೇರಿಕೊಳ್ಳುತ್ತವೆ. ಇದಕ್ಕೆ ಕಾಂತೀಯ ಮರುಜೋಡಣೆ ಎನ್ನುತ್ತಾರೆ. ಹೊಸ ಜೋಡಿಗಳು ಕುಳ್ಳಗೆ, ಸಡಿಲವಾಗಿ ಇರುತ್ತವೆ. ಉಳಿದ ಶಕ್ತಿ ಶಾಖವಾಗಿ, ಕಣಗಳ ಓಟವಾಗಿ ಹೊರಬೀಳುತ್ತದೆ. ಆ ಕಣಗಳು ರೇಖೆಗಳ ಗುಂಟ ಕೆಳಗೆ ಬಡಿದಾಗ ಗಡಿಗೆರೆಯ ಎರಡೂ ಕಡೆ ಒಂದೊಂದು ಹೊಳೆಯುವ ಪಟ್ಟಿ ಮೂಡುತ್ತದೆ. ಮರುಜೋಡಣೆ ಮೇಲಮೇಲಕ್ಕೆ ಹೋದಂತೆ ಪಟ್ಟಿಗಳು ಪರಸ್ಪರ ದೂರ ಸರಿಯುತ್ತವೆ. (ಕಾಂತರೇಖೆ ಅನ್ನುವುದು ನಾವು ಎಳೆದುಕೊಂಡ ಗೆರೆ, ನಿಜವಾದ ದಾರ ಅಲ್ಲ. ಕತ್ತರಿಸುತ್ತದೆ ಅಂತ ಬರೆಯುವಾಗ ನನಗೆ ಪ್ರತಿ ಸಲವೂ ಸ್ವಲ್ಪ ಮುಜುಗರ. ಇದಕ್ಕಿಂತ ಸುಲಭವಾದ ಮಾತು ಸಿಕ್ಕಿಲ್ಲ.)

1859 ರ ಸೆಪ್ಟೆಂಬರ್ 1 ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ನಿಮ್ಮ ಹಾಗೆಯೇ ಕಲೆಗುಂಪೊಂದರ ಚಿತ್ರ ಬರೆಯುತ್ತಿದ್ದರು. ಅದರ ಮೇಲೆ ಎರಡು ಬಿಳಿ ತುಣುಕು ಫಕ್ಕನೆ ಹೊತ್ತಿಕೊಂಡವು. ಸಾಕ್ಷಿಗೆ ಯಾರನ್ನಾದರೂ ಕರೆಯೋಣ ಎಂದು ಎದ್ದುಹೋಗಿ ಒಂದು ನಿಮಿಷದೊಳಗೆ ಬಂದರೆ ಅವು ಆಗಲೇ ಮಂಕಾಗುತ್ತಿದ್ದವು. ಒಟ್ಟು ಐದು ನಿಮಿಷದ ಆಟ. ಅದೇ ಹೊತ್ತಿಗೆ ರಿಚರ್ಡ್ ಹಾಡ್ಜ್‌ಸನ್ ಬೇರೆ ಜಾಗದಿಂದ ಅದನ್ನೇ ನೋಡಿದ್ದರಿಂದ ಕ್ಯಾರಿಂಗ್ಟನ್‌ಗೆ ಸಾಕ್ಷಿ ಸಿಕ್ಕಿತು. ಸುಮಾರು 17 ಗಂಟೆಗಳ ನಂತರ ಭೂಮಿಯ ಕಾಂತಕ್ಷೇತ್ರ ಅಲ್ಲಾಡಿಹೋಯಿತು. ಮನುಷ್ಯ ದಾಖಲಿಸಿದ ಮೊದಲ ಸೌರಜ್ವಾಲೆ ಅದು. ಬರೀ ಬೆಳಕಿನಲ್ಲಿ ಕಾಣುವಂಥ ಜ್ವಾಲೆ ಅಪರೂಪ. ಆದರೂ ಚಿತ್ರ ಬರೆಯುವಾಗ ಆತುರದಲ್ಲಿ ಎದ್ದುಹೋಗಬೇಡಿ.

ಡೆಲ್ಟಾ ಹುಟ್ಟುವುದು ಹೇಗೆ? ಕಲೆಗಳ ಕಾಂತಕ್ಷೇತ್ರ ಸೂರ್ಯನ ಒಳಗಿನಿಂದ ಬರುತ್ತದೆ. ಹಗ್ಗದಂಥ ಒಂದು ಕಂತೆ ಕಮಾನಾಗಿ ಬಾಗಿ ಮೇಲೇಳುತ್ತದೆ. ಅದು ಮೇಲ್ಮೈಯನ್ನು ಸೀಳಿ ಬರುವ ಎರಡು ಜಾಗಗಳೇ ಎರಡು ಧ್ರುವದ ಕಲೆಗಳು. ಸಾಮಾನ್ಯವಾಗಿ ಕಮಾನು ಏರಿದಂತೆ ಅವು ದೂರ ದೂರ ಹೋಗುತ್ತವೆ, ಬೀಟಾ ಆಗುತ್ತದೆ. ಹಗ್ಗ ಮೊದಲೇ ವಿಪರೀತ ಹುರಿಗೊಂಡಿದ್ದರೆ ಬರುವಾಗಲೇ ಗಂಟುಬಿದ್ದು ಬರುತ್ತದೆ. ಧ್ರುವಗಳು ಬೇರಾಗುವುದಿಲ್ಲ. ಇನ್ನೊಂದು ದಾರಿ: ಪಕ್ಕಪಕ್ಕದಲ್ಲೇ ಎರಡು ಕಮಾನು ಮೇಲೆ ಬರುವುದು. ಆಗ ಒಂದರ ಹಿಂಗಾಲು ಇನ್ನೊಂದರ ಮುಂಗಾಲಿಗೆ ಡಿಕ್ಕಿ ಹೊಡೆಯುತ್ತದೆ. ಒಡಹುಟ್ಟದ ಎರಡು ಧ್ರುವಗಳು ಹೀಗೆ ತಿಕ್ಕಾಡುವ ಜಾಗದಲ್ಲಿ ವಾರೆ ಬಹಳ ಬೇಗ ಬೆಳೆಯುತ್ತದೆ.

2017 ರ ಸೆಪ್ಟೆಂಬರಿನ 12673 ನೇ ಗುಂಪು ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ. ಆಗಸ್ಟ್ ಕೊನೆಗೆ ಅದು ಒಂದೇ ಧ್ರುವದ ಗುಂಡನೆಯ ಸಾಧು ಕಲೆ, ನಿಮ್ಮ ಆಲ್ಫಾದ ಹಾಗೆಯೇ. ಸೌರಚಕ್ರವೂ, ಅಂದರೆ ಕಲೆಗಳ ಸಂಖ್ಯೆ ವರ್ಷಗಟ್ಟಲೆ ಏರಿ ಇಳಿಯುವ ಆವರ್ತವೂ, ಇಳಿಮುಖದಲ್ಲಿತ್ತು. ಸೆಪ್ಟೆಂಬರ್ 3 ರ ಸುಮಾರಿಗೆ ಆ ಹಳೆ ಕಲೆಯ ಪಕ್ಕದಲ್ಲೇ ಹೊಸ ಕ್ಷೇತ್ರ ನುಗ್ಗಿಬಂತು. ಅಳೆದು ನೋಡಿದವರಿಗೆ ಇದುವರೆಗೆ ಕಂಡ ಅತಿ ವೇಗದ ಏರಿಕೆಗಳಲ್ಲಿ ಅದೂ ಒಂದು. ಹೊಸದು ಬಂದು ಹಳೆಯದರ ಮೈಗೆ ಒತ್ತಿಕೊಂಡಿತು. ಎರಡು ಮೂರು ದಿನದಲ್ಲಿ ಡೆಲ್ಟಾ ತಯಾರು. ಗಡಿಗೆರೆಯ ಮೇಲೆ ಅಡ್ಡ ಕ್ಷೇತ್ರ 5,500 ಗಾಸ್ ದಾಟಿತ್ತು, ಅಂಬ್ರಾದಲ್ಲೂ ಇಷ್ಟು ಸಿಗುವುದು ಅಪರೂಪ. ಸೆಪ್ಟೆಂಬರ್ 6 ರಂದು ಮೊದಲು ಎಕ್ಸ್2.2, ಮೂರು ಗಂಟೆಯೊಳಗೆ ಎಕ್ಸ್9.3. ಇಡೀ 24 ನೇ ಸೌರಚಕ್ರದ ಅತಿ ದೊಡ್ಡ ಜ್ವಾಲೆ ಅದು. ಹಾಗಾಗಿ ನಿಮ್ಮ ಗುಂಡನೆಯ ಕಲೆ ಸಾಧು ಅನ್ನುವುದು ನೀವು ಅದನ್ನು ನೋಡಿದ ಆ ದಿನಗಳಿಗೆ ಮಾತ್ರ ಸರಿ. ಪಕ್ಕದಲ್ಲಿ ಯಾರು ಬಂದು ಕೂರುತ್ತಾರೆ ಅನ್ನುವುದು ಅದರ ಕೈಯಲ್ಲಿಲ್ಲ.

ಜ್ವಾಲೆಯ ವರ್ಗಗಳ ಬಗ್ಗೆ ಒಂದೇ ಮಾತು. ಎ, ಬಿ, ಸಿ, ಎಂ, ಎಕ್ಸ್ ಎಂದು ಮೇಲೆ ಹೋದಂತೆ ಒಂದೊಂದೂ ಹಿಂದಿನದರ ಹತ್ತು ಪಟ್ಟು. ಎಂ5 ಅಂದರೆ ಎಕ್ಸ್1 ರ ಅರ್ಧ. ಅಳೆಯುವುದು ಎಕ್ಸ್-ಕಿರಣದ ಹೊಳಪನ್ನು ಮಾತ್ರ.

ಮಾತ್ರ ಅಂದದ್ದಕ್ಕೆ ಕಾರಣವಿದೆ. ಜ್ವಾಲೆ ಅಂದರೆ ಬೆಳಕಿನ ಸಿಡಿತ, ಎಂಟು ನಿಮಿಷ ಚಿಲ್ಲರೆಯಲ್ಲಿ ನಮಗೆ ತಲುಪುತ್ತದೆ. ಕರೋನಾದ ಅನಿಲವೇ ಕಾಂತಕ್ಷೇತ್ರದ ಸಮೇತ ಕಿತ್ತುಕೊಂಡು ಹೊರಡುವುದು ಬೇರೆ. ಅದಕ್ಕೆ ಸಿಎಂಇ ಎನ್ನುತ್ತಾರೆ, ಭೂಮಿಗೆ ಬರಲು ಅದಕ್ಕೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನ ಬೇಕು. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಸುದ್ದಿ ಬರೆಯುವವರೂ ಕೂಡ. 2014 ರ ಅಕ್ಟೋಬರಿನಲ್ಲಿ 12192 ನೇ ಗುಂಪು ಬಂತು. ಹತ್ತು ಲಕ್ಷದಲ್ಲಿ 2,700 ಕ್ಕೂ ಜಾಸ್ತಿ ಪಾಲು, ಎರಡು ದಶಕಕ್ಕೂ ಹೆಚ್ಚು ಕಾಲದಲ್ಲಿ ಅಷ್ಟು ದೊಡ್ಡದು ಬಂದಿರಲಿಲ್ಲ. ಬೀಟಾ-ಗಾಮಾ-ಡೆಲ್ಟಾ. ಒಂಬತ್ತು ದಿನದಲ್ಲಿ ಆರು ಎಕ್ಸ್ ಜ್ವಾಲೆ. ಆ ಆರರಲ್ಲಿ ಒಂದರಿಂದಲೂ ಸಿಎಂಇ ಹೊರಡಲಿಲ್ಲ. ಎಲ್ಲರೂ ಭೂಮಿಗೆ ಬಿರುಗಾಳಿ ಬಡಿಯುತ್ತದೆ ಎಂದು ಕಾದದ್ದೇ ಬಂತು.

ಕಾರಣ ಮೇಲಿನ ಚಾವಣಿ. ಹುರಿಗೊಂಡ ಗಂಟಿನ ಮೇಲೆ, ಎತ್ತರದಲ್ಲಿ, ಆರಾಮ ಭಂಗಿಯಲ್ಲಿರುವ ದೊಡ್ಡ ಕಮಾನುಗಳ ಪದರ ಇರುತ್ತದೆ. 12192 ರಲ್ಲಿ ಆ ಪದರ ಬಹಳ ಬಲವಾಗಿತ್ತು. ಕೆಳಗಿನ ಹುರಿ ಗುಂಪಿನ ಗಾತ್ರಕ್ಕೆ ಹೋಲಿಸಿದರೆ ಕಡಿಮೆಯೇ ಇತ್ತು. ಕೆಳಗೆ ಸಿಡಿಯಿತು, ಮೇಲೆ ಚಾವಣಿ ಅಲ್ಲಾಡಲಿಲ್ಲ. ಎತ್ತರ ಹೋದಂತೆ ಚಾವಣಿ ಬೇಗ ದುರ್ಬಲವಾಗುವ ಗುಂಪುಗಳಲ್ಲಿ ಕಥೆಯೇ ಬೇರೆ. ಅಲ್ಲಿ ಹುರಿಯ ಹಗ್ಗ ಒಂದು ಎತ್ತರ ದಾಟಿತೆಂದರೆ ಮತ್ತೆ ತಡೆಯುವವರಿಲ್ಲ. 2024 ರ ಮೇ ತಿಂಗಳ 13664 ನೇ ಗುಂಪು ಒಂದರ ಹಿಂದೆ ಒಂದು ಸಿಎಂಇ ಕಳಿಸಿತು. ಮೇ 10 ಮತ್ತು 11 ರಂದು ಎರಡು ದಶಕದಲ್ಲೇ ಅತಿ ಬಲವಾದ ಭೂಕಾಂತ ಬಿರುಗಾಳಿ ಎದ್ದಿತು. ಲಡಾಖಿನ ಹಾನ್ಲೆಯಷ್ಟು ಕೆಳಗಿನ ಅಕ್ಷಾಂಶದಲ್ಲೂ ಕ್ಯಾಮೆರಾಗಳಿಗೆ ಕೆಂಪು ಪ್ರಭೆ ಸಿಕ್ಕಿತು. 1972 ರ ಆಗಸ್ಟಿನ ಡೆಲ್ಟಾ ಗುಂಪಿನ ಸಿಎಂಇ ಇನ್ನೂ ಅವಸರದ್ದು. ಹದಿನೈದು ಗಂಟೆಯೊಳಗೆ ಬಂದು ಮುಟ್ಟಿತು. ಉತ್ತರ ವಿಯೆಟ್ನಾಮಿನ ಕಡಲಲ್ಲಿ ಅಮೆರಿಕದ ನೌಕಾಪಡೆ ಹಾಕಿದ್ದ ಕಾಂತೀಯ ಮೈನುಗಳು ಹಡಗು ಬಂತೆಂದು ಮೋಸಹೋಗಿ ತಾವೇ ಸಿಡಿದವು. ಆ ವರ್ಷದ ಏಪ್ರಿಲ್ ಮತ್ತು ಡಿಸೆಂಬರಿನಲ್ಲಿ ಅಪೊಲೊ ಯಾತ್ರಿಗಳು ಚಂದ್ರನಲ್ಲಿದ್ದರು. ಆಗಸ್ಟಿನಲ್ಲಿ ಯಾರೂ ಇರಲಿಲ್ಲ, ಪುಣ್ಯ.

ಇನ್ನು ಭವಿಷ್ಯ ಹೇಳುವ ಮಾತು. ಒಂದು ಅಂಕಿ ಮನಸ್ಸಿನಲ್ಲಿಟ್ಟುಕೊಳ್ಳಿ. 2000 ದಲ್ಲಿ ಪ್ರಕಟವಾದ ಒಂದು ಅಧ್ಯಯನ ಎಂಟು ವರ್ಷದ ಕಲೆಗುಂಪುಗಳನ್ನು ಜಾಲಾಡಿತು. ಹತ್ತು ಲಕ್ಷದಲ್ಲಿ ಸಾವಿರ ಪಾಲಿಗಿಂತ ದೊಡ್ಡದಾಗಿದ್ದು, ಬೀಟಾ-ಗಾಮಾ-ಡೆಲ್ಟಾ ಆಗಿದ್ದ ಗುಂಪುಗಳಲ್ಲಿ ಸುಮಾರು ನೂರಕ್ಕೆ 40 ಎಕ್ಸ್ ವರ್ಗದ ಜ್ವಾಲೆ ಕೊಟ್ಟವು. ಸೌರಭೌತದಲ್ಲಿ ಇದು ಬಹಳ ಗಟ್ಟಿ ಸಂಬಂಧ. ಆದರೆ ತಿರುಗಿಸಿ ಓದಿ: ಗಾತ್ರವೂ ಇತ್ತು, ಸಿಕ್ಕೂ ಇತ್ತು, ಆದರೂ ನೂರಕ್ಕೆ 60 ಗುಂಪುಗಳು ಎಕ್ಸ್ ತೋರಿಸದೆ ಹೋದವು. ಅದಕ್ಕೇ ಮುನ್ಸೂಚನೆ ಕೊಡುವವರು 'ಮುಂದಿನ 24 ಗಂಟೆಯಲ್ಲಿ ಎಕ್ಸ್ ಜ್ವಾಲೆಗೆ ನೂರಕ್ಕೆ ಇಷ್ಟು' ಅನ್ನುತ್ತಾರೆ. 'ನಾಳೆ ಮಧ್ಯಾಹ್ನ ಬರುತ್ತದೆ' ಅಂತ ಯಾರಾದರೂ ಅಂದರೆ ನಂಬಬೇಡಿ.

ಇವತ್ತು ಅಕ್ಷರಗಳಿಗಿಂತ ಸೂಕ್ಷ್ಮವಾದ ಅಳತೆಗಳಿವೆ. 2010 ರಲ್ಲಿ ಹಾರಿಸಿದ ಎಸ್‌ಡಿಒ ಉಪಗ್ರಹ ಇಡೀ ತಟ್ಟೆಯ ಕಾಂತನಕ್ಷೆಯನ್ನು 45 ಸೆಕೆಂಡಿಗೊಮ್ಮೆ ಕೊಡುತ್ತದೆ. ಕ್ಷೇತ್ರ ಯಾವ ಕಡೆ ವಾಲಿದೆ ಅನ್ನುವ ಪೂರ್ಣ ನಕ್ಷೆ 12 ನಿಮಿಷಕ್ಕೊಮ್ಮೆ. ಕಡಿದಾದ ಗಡಿಗೆರೆ ಎಷ್ಟು ಉದ್ದ, ರೇಖೆಗಳು ಎಷ್ಟು ವಾರೆ ಅಂತ ಕಂಪ್ಯೂಟರೇ ಅಳೆಯುತ್ತದೆ. ದೊಡ್ಡ ಜ್ವಾಲೆಯ ನಂತರ ಗಡಿಗೆರೆಯ ಮೇಲಿನ ಕ್ಷೇತ್ರ ಕೆಲವೇ ನಿಮಿಷದಲ್ಲಿ ಇನ್ನಷ್ಟು ಮಲಗಿ, ಹಾಗೇ ಉಳಿದುಬಿಡುವುದೂ ಈ ನಕ್ಷೆಗಳಲ್ಲಿ ಕಾಣುತ್ತದೆ. ಸಡಿಲಾದ ಕುಳ್ಳ ಕಮಾನುಗಳು ಕೆಳಗೆ ಕುಸಿದದ್ದರ ಗುರುತು ಅದು. ಇಷ್ಟಿದ್ದೂ ತೊಡಕು ಒಂದೇ. ಅಳೆಯುವುದು ಮೇಲ್ಮೈಯಲ್ಲಿ, ಸಿಡಿಯುವುದು ಅದರ ಮೇಲಿನ ಕರೋನಾದಲ್ಲಿ. ಅಲ್ಲಿಯ ಕ್ಷೇತ್ರವನ್ನು ನಾವು ಹೆಚ್ಚಾಗಿ ಲೆಕ್ಕ ಹಾಕಿ ಊಹಿಸುತ್ತೇವೆ. ಬಿಗಿ ಎಲ್ಲಿದೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಯಾವ ಎಳೆ ಯಾವಾಗ ಹರಿಯುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಬರುವುದಿಲ್ಲ ಎಂದು ಹೇಳುವುದು ಇದಕ್ಕಿಂತ ಸುಲಭ. ತಟ್ಟೆಯ ಮೇಲೆ ಬರೀ ಆಲ್ಫಾಗಳೇ ಇದ್ದ ದಿನ ಎಕ್ಸ್ ಜ್ವಾಲೆ ಇಲ್ಲ ಎಂದು ಹೇಳಿ ನೆಮ್ಮದಿಯಾಗಿರಬಹುದು. ಅಂಚಿನಾಚೆಯಿಂದ ಹೊಸ ಗುಂಪು ಇಣುಕುವವರೆಗೆ.

ನಿಮ್ಮ ಟೆಲಿಸ್ಕೋಪಿನ ಪ್ರಶ್ನೆ ಉಳಿಯಿತು. ಫಿಲ್ಟರ್ ಮುಂದಿನ ತುದಿಯಲ್ಲೇ ಇರಲಿ, ಕಣ್ಣಿಡುವ ಕಡೆ ಅಲ್ಲ. ನೋಡುವ ಮುಂಚೆ ಪ್ರತಿ ಸಲವೂ ಅದರಲ್ಲಿ ತೂತು, ಗೀರು ಇದೆಯೇ ಎಂದು ಪರೀಕ್ಷಿಸಿ. ಧ್ರುವ ಕಾಣದಿದ್ದರೂ ಸುಳಿವುಗಳು ಕಾಣುತ್ತವೆ. ಪೆನಂಬ್ರಾದ ಎಳೆಗಳು ನಡುವಿನಿಂದ ಸುತ್ತಲೂ ಸಮನಾಗಿ ಹರಡಿದ್ದರೆ ಕಲೆ ಸಾಧು. ಒಂದು ಕಡೆ ಎಳೆಗಳು ಸುತ್ತಿಕೊಂಡು ಅಂಬ್ರಾದ ಬದಿಗೆ ಸಮಾನಾಂತರವಾಗಿ ಓಡುತ್ತಿದ್ದರೆ ಅಲ್ಲಿ ವಾರೆ ಇರಬಹುದು. ಒಂದೇ ಪೆನಂಬ್ರಾದಲ್ಲಿ ನಾಲ್ಕಾರು ಅಂಬ್ರಾಗಳು ಅಡ್ಡಾದಿಡ್ಡಿ ಕೂತಿದ್ದರೆ ಅನುಮಾನಪಡಿ. ಎಲ್ಲಕ್ಕಿಂತ ಮುಖ್ಯವಾದದ್ದು ದಿನದಿಂದ ದಿನಕ್ಕೆ ಆಗುವ ಬದಲಾವಣೆ. ನಿನ್ನೆ ಇಲ್ಲದ ಚುಕ್ಕಿಗಳು ಇವತ್ತು ದೊಡ್ಡ ಕಲೆಯ ಮಗ್ಗುಲಲ್ಲಿ ಎದ್ದಿವೆಯೇ? ಎರಡು ಅಂಬ್ರಾಗಳು ಒಂದನ್ನೊಂದು ಸವರಿಕೊಂಡು ಸರಿಯುತ್ತಿವೆಯೇ? ಒಂದು ದಿನದ ಚಿತ್ರಕ್ಕಿಂತ ಮೂರು ದಿನದ ಚಿತ್ರಗಳು ಪಕ್ಕಪಕ್ಕದಲ್ಲಿ ಜಾಸ್ತಿ ಹೇಳುತ್ತವೆ. ಗುಂಪು ಸೂರ್ಯನ ಅಂಚಿಗೆ ಹತ್ತಿರ ಇದ್ದಾಗ ಬೇಗ ತೀರ್ಮಾನ ಮಾಡಬೇಡಿ. ಓರೆಯಾಗಿ ನೋಡುವುದರಿಂದ ದೂರ ದೂರದ ಕಲೆಗಳೂ ಅಂಟಿಕೊಂಡಂತೆ ಕಾಣುತ್ತವೆ, ಕಾಂತನಕ್ಷೆಯಲ್ಲೂ ಅಲ್ಲಿ ಸುಳ್ಳು ಧ್ರುವಗಳು ಮೂಡುತ್ತವೆ.

ಅಂಬ್ರಾವನ್ನು ಎರಡಾಗಿ ಸೀಳುವ ಸಣ್ಣ ಬಿಳಿ ಗೆರೆ ಕಂಡರೆ ಡೆಲ್ಟಾ ಸಿಕ್ಕಿತು ಎಂದು ಹಿಗ್ಗಬೇಡಿ. ನಾನೂ ಮೊದಮೊದಲು ಹಾಗೆ ಹಿಗ್ಗಿ, ಪುಸ್ತಕದಲ್ಲಿ ದೊಡ್ಡದಾಗಿ ಬರೆದುಕೊಂಡು, ಆಮೇಲೆ ಹೊಡೆದುಹಾಕಿದ್ದೇನೆ. ಆ ಬೆಳಕಿನ ಸೇತುವೆಯ ಎರಡೂ ಕಡೆ ಹೆಚ್ಚಾಗಿ ಒಂದೇ ಧ್ರುವ ಇರುತ್ತದೆ. ಕಲೆ ಸುಮ್ನೆ ಒಡೆದು ಕರಗುತ್ತಿರುತ್ತದೆ ಅಷ್ಟೇ. ಎಸ್‌ಡಿಒ ನಕ್ಷೆಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ನಿಮ್ಮ ಚಿತ್ರ ಬರೆದ ಹೊತ್ತಿನ ಕಾಂತನಕ್ಷೆ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಎರಡರಲ್ಲೂ ಉತ್ತರ ಯಾವ ಕಡೆ ಇದೆ ಎಂದು ಮೊದಲು ಹೊಂದಿಸಿ, ಟೆಲಿಸ್ಕೋಪ್ ಚಿತ್ರವನ್ನು ತಲೆಕೆಳಗು ಮಾಡಿರುತ್ತದೆ. ಆಮೇಲೆ ಬಿಳಿ ಗೆರೆಯ ಆಚೆ ಈಚೆ ನೋಡಿ. ಎರಡೂ ಕಡೆ ಬಿಳಿ, ಅಥವಾ ಎರಡೂ ಕಡೆ ಕಪ್ಪು ಇದ್ದರೆ ಮುಂದಿನ ಕಲೆಗೆ ಹೋಗಿ. ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು ಇದ್ದರೆ, ಆ ಗುಂಪು ಅಂಚು ದಾಟುವವರೆಗೂ ದಿನಕ್ಕೆ ಎರಡು ಸಲ ಚಿತ್ರ ಬರೆಯಿರಿ.